ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ದೂರ, ಎಷ್ಟು ಹೊತ್ತು?

ಬೆಂಗಳೂರಿನಲ್ಲಿ ಯಾರನ್ನಾದರೂ ‘ಸ್ಯಾನ್ ಫ್ರಾನ್ಸಿಸ್ಕೊ ಯಾವ ದಿಕ್ಕಿಗಿದೆ?’ ಎಂದು ಕೇಳಿ ನೋಡಿ. ಹೆಚ್ಚಿನವರು ಪಶ್ಚಿಮಕ್ಕೆ ಕೈ ತೋರಿಸುತ್ತಾರೆ. ಅಮೆರಿಕ ಎಂದರೆ ಪಶ್ಚಿಮ ಎನ್ನುವುದು ನಮ್ಮ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಕ್ಯಾಲಿಫೋರ್ನಿಯಾ ಇರುವುದು ಪೆಸಿಫಿಕ್ ದಡದಲ್ಲಿ ಎಂದು ನೆನಪಾದವರು ಕೊಂಚ ತಡೆದು ಪೂರ್ವ ಎನ್ನುತ್ತಾರೆ. ಆದರೆ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಭೂಮಿಯ ಮೇಲೆ ಎಳೆಯಬಹುದಾದ ಅತಿ ಚಿಕ್ಕ ಗೆರೆ ಹೊರಡುವುದು ಉತ್ತರಕ್ಕೆ. ನೇರ ಉತ್ತರದಿಂದ ಬರೀ ಇಪ್ಪತ್ತು ಡಿಗ್ರಿಯಷ್ಟು ಪೂರ್ವಕ್ಕೆ ವಾಲಿಕೊಂಡು ಅದು ಸಾಗುತ್ತದೆ. ಪ್ರಯಾಗರಾಜ್ ಮತ್ತು ವಾರಾಣಸಿಗಳ ನಡುವೆ ಗಂಗೆಯನ್ನು ದಾಟುತ್ತದೆ, ನೇಪಾಳದ ಅನ್ನಪೂರ್ಣ ಶಿಖರಗಳನ್ನು ಹಾಯುತ್ತದೆ, ಟಿಬೆಟ್, ಷಿನ್‌ಜಿಯಾಂಗ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ ಎಲ್ಲವನ್ನೂ ಕಳೆದು 71ನೇ ಅಕ್ಷಾಂಶದಲ್ಲಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟುತ್ತದೆ. ಅಲ್ಲಿಂದಾಚೆಗೆ ಇಳಿಜಾರು. ಅಲಾಸ್ಕಾದ ಮೇಲೆ ಹಾದು ಪೆಸಿಫಿಕ್ ಕರಾವಳಿಯನ್ನು ಅನುಸರಿಸಿ ಕ್ಯಾಲಿಫೋರ್ನಿಯಾ ಸೇರುತ್ತದೆ.

ಈ ಎರಡು ಊರುಗಳ ನಡುವೆ ಎಲ್ಲೂ ಇಳಿಯದ ಮೊದಲ ವಿಮಾನ 2021ರ ಜನವರಿ 9ರ ರಾತ್ರಿ ಎಂಟೂವರೆಯ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ಏರ್ ಇಂಡಿಯಾದ ಬೋಯಿಂಗ್ 777. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಉತ್ತರ ಧ್ರುವದ ಮೇಲೆ ಹಾದು, ಸುಮಾರು ಹದಿನೇಳು ಗಂಟೆ ಹಾರಿ, ಜನವರಿ 11ರ ನಸುಕಿನಲ್ಲಿ ಅದು ಬೆಂಗಳೂರಿನಲ್ಲಿ ಇಳಿಯಿತು. ಆ ದಿನಗಳ ಸುದ್ದಿಯಲ್ಲಿ ಎರಡು ಬೇರೆ ಬೇರೆ ಅಂಕಿಗಳು ಓಡಾಡಿದವು. ಕೆಲವು ಕಡೆ ದೂರ ಸುಮಾರು 16,000 ಕಿ.ಮೀ. ಎಂದಿತ್ತು, ಕೆಲವು ಕಡೆ 13,993 ಕಿ.ಮೀ. ಎಂದಿತ್ತು. ಎರಡು ಸಾವಿರ ಕಿಲೋಮೀಟರ್ ಎಂದರೆ ಬೆಂಗಳೂರಿನಿಂದ ದೆಹಲಿಯನ್ನೂ ಮೀರಿದ ದೂರ. ಅಷ್ಟು ದೊಡ್ಡ ವ್ಯತ್ಯಾಸವನ್ನು ಮುದ್ರಣದೋಷ ಎಂದು ಬದಿಗಿಡಲಾಗದು. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದ್ದೇ ಆ ವ್ಯತ್ಯಾಸ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎನ್ನುವುದು ನಾವು ಅಂದುಕೊಂಡ ಹಾಗೆ ಒಂದೇ ಒಂದು ಸಂಖ್ಯೆಯಲ್ಲ. ಜ್ಯಾಮಿತಿ ಕೊಡುವ ದೂರ ಒಂದು. ಆ ದಿನದ ಗಾಳಿ, ಬೆಟ್ಟ, ಇಂಧನ, ದೇಶದೇಶಗಳ ಸಂಬಂಧ ಎಲ್ಲ ಸೇರಿ ಕೊಡುವ ದೂರ ಇನ್ನೊಂದು.

ಮೊದಲು ಜ್ಯಾಮಿತಿಯದನ್ನು ನೋಡೋಣ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಂಡು ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಉತ್ತರಕ್ಕೆ ಜಾರಿ ಸೈಬೀರಿಯಾದ ಮೇಲೆ ನಿಲ್ಲುತ್ತದೆ. ಆ ದಾರವನ್ನು ಎರಡೂ ಕಡೆ ಹಾಗೆಯೇ ಮುಂದುವರಿಸಿ ಗ್ಲೋಬಿನ ಸುತ್ತ ಒಂದು ಬಳಸು ತಂದರೆ ಅದು ಭೂಮಿಯನ್ನು ಸರಿಯಾಗಿ ಎರಡು ಸಮಭಾಗ ಮಾಡುವ ವೃತ್ತವಾಗುತ್ತದೆ. ಇದಕ್ಕೆ ಮಹಾವೃತ್ತ ಎಂದು ಹೆಸರು. ಗೋಳದ ಮೇಲಿನ ಯಾವ ಎರಡು ಬಿಂದುಗಳ ನಡುವೆಯೂ ಅತಿ ಹತ್ತಿರದ ದಾರಿ ಮಹಾವೃತ್ತದ ಒಂದು ತುಣುಕೇ.

ಗೋಡೆಯ ಭೂಪಟದಲ್ಲಿ ಇದು ಕಾಣುವುದಿಲ್ಲ. ನಾವು ಬಹುಪಾಲು ನೋಡಿ ಬೆಳೆದದ್ದು 1569ರಲ್ಲಿ ಮರ್ಕೇಟರ್ ರೂಪಿಸಿದ ಪದ್ಧತಿಯ ನಕ್ಷೆಗಳನ್ನು ಅಥವಾ ಅದರ ಬಂಧುಗಳನ್ನು. ಹಡಗಿನವರಿಗೆ ಅದು ವರದಾನವಾಗಿತ್ತು. ಮರ್ಕೇಟರ್ ನಕ್ಷೆಯ ಮೇಲೆ ಒಂದು ನೇರ ಗೆರೆ ಎಳೆದು, ದಿಕ್ಸೂಚಿಯನ್ನು ಅದೇ ಕೋನದಲ್ಲಿ ಹಿಡಿದು ಸಾಗಿದರೆ ಗುರಿ ಮುಟ್ಟುವುದು ಖಚಿತ. ಗುರಿ ಮುಟ್ಟುವುದು ಖಚಿತವೇ ಹೊರತು ಬೇಗ ಮುಟ್ಟುವುದಲ್ಲ. ಆ ನಕ್ಷೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಸ್ಯಾನ್ ಫ್ರಾನ್ಸಿಸ್ಕೊವರೆಗೆ ನೇರ ಗೆರೆ ಎಳೆದು, ಅದೇ ಗೆರೆಯ ಮೇಲೆ ಹಾರಿದರೆ ಆಗುವ ದೂರ ಸುಮಾರು 16,100 ಕಿ.ಮೀ. ಮಹಾವೃತ್ತದ ದಾರಿಗಿಂತ 2,100 ಕಿ.ಮೀ. ಹೆಚ್ಚು. ಕಾಗದದ ಮೇಲಿನ ನೇರ ಗೆರೆ ಭೂಮಿಯ ಮೇಲೆ ಬಳಸುದಾರಿ.

ಮಹಾವೃತ್ತದ ಉದ್ದವನ್ನು ಕಂಡುಹಿಡಿಯಲು ಗ್ಲೋಬೂ ಬೇಡ, ದಾರವೂ ಬೇಡ. ಪಿಯುಸಿ ಗಣಿತದಷ್ಟು ಸಾಕು. ಬೇಕಾದದ್ದು ನಾಲ್ಕೇ ಸಂಖ್ಯೆ: ಬೆಂಗಳೂರು ನಿಲ್ದಾಣದ ಅಕ್ಷಾಂಶ 13.2 ಡಿಗ್ರಿ ಉತ್ತರ, ರೇಖಾಂಶ 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊದ್ದು 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿದರೆ 0.139 ಬರುತ್ತದೆ. ಎರಡರ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ಅಂತರವಾದ ಸುಮಾರು 160 ಡಿಗ್ರಿಯ ಕೊಸೈನ್‌ನಿಂದ ಗುಣಿಸಿದರೆ ಋಣ 0.724. ಎರಡನ್ನೂ ಕೂಡಿಸಿದರೆ ಋಣ 0.585. ಯಾವ ಕೋನದ ಕೊಸೈನ್ ಇದು? 125.8 ಡಿಗ್ರಿಯದು. ಅಂದರೆ ಭೂಮಿಯ ಕೇಂದ್ರದಲ್ಲಿ ಕುಳಿತು ನೋಡುವವರಿಗೆ ಈ ಎರಡು ನಿಲ್ದಾಣಗಳ ನಡುವಿನ ಕೋನ 125.8 ಡಿಗ್ರಿ. ಒಂದು ಡಿಗ್ರಿಗೆ ನೆಲದ ಮೇಲೆ 111.2 ಕಿ.ಮೀ. ಗುಣಿಸಿದರೆ ಸುಮಾರು 13,990. ಸುದ್ದಿಯಲ್ಲಿ ಬಂದ 13,993ರ ಪಕ್ಕದಲ್ಲೇ ಬಂದು ನಿಂತೆವು. ಕೈಲೆಕ್ಕದಲ್ಲಿ ಅರ್ಧ ಭೂಮಂಡಲವನ್ನು ಇಷ್ಟು ಕರಾರುವಾಕ್ಕಾಗಿ ಅಳೆಯಬಹುದು ಎಂಬುದು ನನಗೆ ಪ್ರತಿಸಲವೂ ಹೊಸ ಸಂತೋಷ ಕೊಡುತ್ತದೆ. ಈ ಲೆಕ್ಕಕ್ಕೆ ಬೇಕಾದ ಸೈನ್‌ಗಳ ಪಟ್ಟಿಯನ್ನು ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಜ್ಯಾ ಎಂಬ ಹೆಸರಿನಲ್ಲಿ, ಮೂರು ಮುಕ್ಕಾಲು ಡಿಗ್ರಿಗೆ ಒಂದರಂತೆ ಇಪ್ಪತ್ನಾಲ್ಕು ಬೆಲೆಗಳಾಗಿ ಕೊಟ್ಟಿದ್ದ.

ಉಳಿದ ಆ ಮೂರು ಕಿಲೋಮೀಟರ್ ಎಲ್ಲಿಂದ ಬಂತು? ಭೂಮಿ ಪೂರ್ತಿ ಗುಂಡಗಿಲ್ಲದ್ದರಿಂದ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವಗಳಲ್ಲಿ 6,357. ಈ ಚಪ್ಪಟೆತನವನ್ನು ಅಳೆಯುವ ಕೆಲಸದಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯ ಸರ್ವೆಗೆ ಇಳಿದು, 1800ರಲ್ಲಿ ಬೆಂಗಳೂರಿನ ಬಳಿ ತನ್ನ ಮೊದಲ ಅಡಿಗೆರೆಯನ್ನು ಅಳೆದ. 1802ರಲ್ಲಿ ಮದ್ರಾಸಿನಿಂದ ಶುರುವಾಗಿ ಹಿಮಾಲಯದವರೆಗೆ ಸಾಗಿದ ಮಹಾ ತ್ರಿಕೋನಮಿತಿ ಸರ್ವೆಯ ಉದ್ದೇಶಗಳಲ್ಲಿ ನಕ್ಷೆ ಮಾಡುವುದು ಒಂದಾದರೆ, ಭೂಮಿಯ ಬಾಗನ್ನು ಅಳೆಯುವುದು ಇನ್ನೊಂದು. ಇವತ್ತು ಫೋನಿನ ಜಿಪಿಎಸ್ ಹೇಳುವ ದೂರದ ಹಿಂದೆ ಅಂಥ ಅಳತೆಗಳ ಎರಡು ಶತಮಾನವಿದೆ.

ಹೀಗೆ ಜ್ಯಾಮಿತಿ ತನ್ನ ಕೆಲಸ ಮುಗಿಸಿ 13,993 ಎಂದು ಹೇಳಿಬಿಡುತ್ತದೆ. ಆದರೆ ಪ್ರಯಾಣಿಕರನ್ನು ಹೊತ್ತ ವಿಮಾನ ಆ ಗೆರೆಯ ಮೇಲೆ ಹೋಗುವುದಿಲ್ಲ. ಮೊದಲ ಅಡ್ಡಿ ಅನ್ನಪೂರ್ಣೆಯ ಹತ್ತಿರವೇ ಎದುರಾಗುತ್ತದೆ. ವಿಮಾನ ಹಾರುವುದು ಹನ್ನೊಂದು ಕಿ.ಮೀ. ಎತ್ತರದಲ್ಲಿ, ಎಂಟು ಸಾವಿರ ಮೀಟರಿನ ಶಿಖರವೂ ಅದರ ಕೆಳಗೇ ಉಳಿಯುತ್ತದೆ. ತೊಂದರೆ ಶಿಖರಕ್ಕೆ ಬಡಿಯುವುದಲ್ಲ, ಕ್ಯಾಬಿನ್ನಿನ ಒತ್ತಡ ಕುಸಿದರೆ ಏನು ಎಂಬುದು. ಆಗ ಪ್ರಯಾಣಿಕರ ತಲೆಯ ಮೇಲಿಂದ ಇಳಿಬೀಳುವ ಆಮ್ಲಜನಕದ ಮಾಸ್ಕ್‌ಗಳು ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸು ಮಾತ್ರ ಕೆಲಸ ಮಾಡುತ್ತವೆ. ಅಷ್ಟರೊಳಗೆ ವಿಮಾನ ಸಹಜವಾಗಿ ಉಸಿರಾಡಬಹುದಾದ ಎತ್ತರಕ್ಕೆ, ಅಂದರೆ ಸುಮಾರು 3,000 ಮೀಟರಿಗೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರಿಗೂ ಮಿಗಿಲು. ಇಳಿಯಲು ಜಾಗವಿಲ್ಲ, ಹತ್ತಿರದಲ್ಲಿ ದೊಡ್ಡ ವಿಮಾನಕ್ಕೆ ತಕ್ಕ ನಿಲ್ದಾಣಗಳೂ ಕಡಿಮೆ. ಹೆಚ್ಚಿನ ಆಮ್ಲಜನಕ ಮತ್ತು ಮೊದಲೇ ಗೊತ್ತುಪಡಿಸಿದ ತಪ್ಪಿಸಿಕೊಳ್ಳುವ ದಾರಿಗಳಿಲ್ಲದೆ ಅಲ್ಲಿ ಹಾರುವಂತಿಲ್ಲ. ಹಾಗಾಗಿ ಬಹುಪಾಲು ದಾರಿಗಳು ಟಿಬೆಟ್ಟನ್ನು ಬಲಕ್ಕೋ ಎಡಕ್ಕೋ ಬಿಟ್ಟು ಹೋಗುತ್ತವೆ.

ಧ್ರುವದ ಮೇಲೆ ಹಾರುವುದೆಂದರೆ ಬಹಳ ಸುತ್ತು ಎನಿಸಬಹುದು. ಲೆಕ್ಕ ಹಾಕಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ 52.4 ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ 76.8 ಡಿಗ್ರಿ, ಒಟ್ಟು 129.2 ಡಿಗ್ರಿ. ಕಿಲೋಮೀಟರಿನಲ್ಲಿ ಸುಮಾರು 14,365. ಅತಿ ಚಿಕ್ಕ ದಾರಿಗಿಂತ ಹೆಚ್ಚಾಗುವುದು ಮುನ್ನೂರೆಪ್ಪತ್ತು ಕಿ.ಮೀ. ಚಿಲ್ಲರೆ. ಎರಡೂ ಊರುಗಳು ರೇಖಾಂಶದಲ್ಲಿ ಹೆಚ್ಚುಕಡಿಮೆ ಎದುರುಬದುರು ಇರುವುದರಿಂದ ಹೀಗೆ. ಬೆಂಗಳೂರಿನವರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಸನಿವೇಲ್, ಫ್ರೀಮಾಂಟ್‌ಗಳಲ್ಲಿ ಮನೆ ಮಾಡಿಕೊಂಡ ಕನ್ನಡಿಗರು ಧ್ರುವದ ಆಚೀಚೆಯ ನೆರೆಹೊರೆ.

ಇನ್ನು ಹೊತ್ತಿನ ಲೆಕ್ಕ. ಬೋಯಿಂಗ್ 777 ಶಬ್ದದ ವೇಗದ ಶೇ 84ರಷ್ಟರಲ್ಲಿ ಸಾಗುತ್ತದೆ. ಹನ್ನೊಂದು ಕಿ.ಮೀ. ಎತ್ತರದಲ್ಲಿ ಹೊರಗೆ ಮೈನಸ್ 55 ಡಿಗ್ರಿ ಚಳಿ. ಆ ತಣ್ಣನೆಯ ಗಾಳಿಯಲ್ಲಿ ಶಬ್ದವೇ ನಿಧಾನ, ಗಂಟೆಗೆ ಸುಮಾರು 1,060 ಕಿ.ಮೀ. ಹಾಗಾಗಿ ವಿಮಾನದ್ದು 890ರ ಹತ್ತಿರ. ಹದಿನಾಲ್ಕು ಸಾವಿರವನ್ನು ಅದರಿಂದ ಭಾಗಿಸಿದರೆ ಹದಿನೈದು ಮುಕ್ಕಾಲು ಗಂಟೆ. ಆದರೆ ಈ 890 ಎನ್ನುವುದು ಗಾಳಿಯಲ್ಲಿನ ವೇಗ, ನೆಲದ ಮೇಲಿನದಲ್ಲ. ಹಂಪಿಯ ಬಳಿ ತುಂಗಭದ್ರೆಯಲ್ಲಿ ಹರಿಗೋಲು ಹುಟ್ಟುಹಾಕುವವನ ತೋಳಿನ ಬಲ ಎರಡು ದಿಕ್ಕಿಗೂ ಒಂದೇ. ಆದರೂ ಹೊಳೆ ಇಳಿಯುವಾಗ ದಡದ ಬಂಡೆಗಳು ಸರಸರನೆ ಹಿಂದೆ ಸರಿಯುತ್ತವೆ, ಏರುವಾಗ ಕದಲುವುದೇ ಇಲ್ಲ. ವಿಮಾನಕ್ಕೂ ಕೆಳಗೊಂದು ಹೊಳೆಯಿದೆ, ಅದು ಹರಿಯುವುದು ಪಶ್ಚಿಮದಿಂದ ಪೂರ್ವಕ್ಕೆ.

ಇಲ್ಲಿ ಓದುಗರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಶಾಲೆಗಳಿಗೆ ಹೋದಾಗಲೆಲ್ಲ ಮಕ್ಕಳು ನನ್ನನ್ನು ಕೇಳುವ ಪ್ರಶ್ನೆ ಇದು, ಬಹಳ ಒಳ್ಳೆಯ ಪ್ರಶ್ನೆಯೂ ಹೌದು. ಭೂಮಿ ಪೂರ್ವಕ್ಕೆ ತಿರುಗುತ್ತಿದೆ. ಬೆಂಗಳೂರಿನ ನೆಲ ಗಂಟೆಗೆ 1,600 ಕಿ.ಮೀ.ಗಿಂತ ವೇಗವಾಗಿ ಓಡುತ್ತಿದೆ. ಹಾಗಿದ್ದರೆ ಹೆಲಿಕಾಪ್ಟರ್ ಒಂದು ಕಡೆ ಮೇಲೇರಿ ಸುಮ್ಮನೆ ನಿಂತರೆ ಸಾಲದೆ, ಊರೇ ಕೆಳಗೆ ಬರುವುದಿಲ್ಲವೆ? ಬರುವುದಿಲ್ಲ, ಏಕೆಂದರೆ ಗಾಳಿಯೂ ನೆಲದ ಜೊತೆಗೇ ತಿರುಗುತ್ತಿದೆ, ಮೇಲೇರಿದ ಹೆಲಿಕಾಪ್ಟರಿಗೂ ಅದೇ ವೇಗ ಅಂಟಿಕೊಂಡಿರುತ್ತದೆ. ಆದರೆ ಮಗುವಿನ ಊಹೆಯಲ್ಲಿ ಒಂದು ನಿಜದ ಎಳೆ ಇದೆ. ಸಮಭಾಜಕದ ಕಡೆಯ ಗಾಳಿ ಬಿಸಿಯಾಗಿ ಮೇಲೇರಿ ಧ್ರುವದ ಕಡೆಗೆ ಸಾಗುತ್ತದೆ ಎನ್ನಿ. ಹೊರಟ ಜಾಗದಲ್ಲಿ ನೆಲದ ವೇಗ ಹೆಚ್ಚು, ಸೇರುವ ಜಾಗದಲ್ಲಿ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೊದ ಅಕ್ಷಾಂಶದಲ್ಲಿ ಅದು ಗಂಟೆಗೆ 1,320 ಕಿ.ಮೀ. ಅಷ್ಟೆ. ತನ್ನೊಳಗಿನ ಹೆಚ್ಚಿನ ವೇಗವನ್ನು ಬಿಡಲಾರದ ಗಾಳಿ ಅಲ್ಲಿನ ನೆಲವನ್ನು ಹಿಂದೆ ಹಾಕಿ ಪೂರ್ವಕ್ಕೆ ಧಾವಿಸುತ್ತದೆ. ಬೆಚ್ಚಗಿನ ಗಾಳಿಯೂ ತಣ್ಣನೆಯ ಗಾಳಿಯೂ ಸಂಧಿಸುವ ಪಟ್ಟಿಯಲ್ಲಿ ಈ ಓಟ ಇನ್ನಷ್ಟು ಬಿಗಿಗೊಂಡು, ಕೆಲವು ನೂರು ಕಿ.ಮೀ. ಅಗಲದ, ಸಾವಿರಾರು ಕಿ.ಮೀ. ಉದ್ದದ ಗಾಳಿಯ ಪ್ರವಾಹವಾಗುತ್ತದೆ. ಜೆಟ್ ಸ್ಟ್ರೀಮ್ ಎನ್ನುವುದು ಇದನ್ನೇ.

ಇದನ್ನು ಮೊದಲು ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಯಿಶಿ. 1920ರ ದಶಕದಲ್ಲಿ ಟಟೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು, ಚಳಿಗಾಲದಲ್ಲಿ ಮೇಲಿನ ಗಾಳಿ ಊಹೆಗೂ ಮೀರಿ ಬಲವಾಗಿ ಪೂರ್ವಕ್ಕೆ ಬೀಸುವುದನ್ನು ಕಂಡರು. ಜಗತ್ತಿಗೆಲ್ಲ ತಿಳಿಯಲಿ ಎಂಬ ಆಸೆಯಿಂದ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು, ಹೊರಗಿನವರು ಅದನ್ನು ಗಮನಿಸಲೇ ಇಲ್ಲ. 1944ರಲ್ಲಿ ಜಪಾನಿನ ಮೇಲೆ ಬಹಳ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಆ ಗಾಳಿಗೆ ಸಿಕ್ಕಿದಾಗ ಎಲ್ಲರಿಗೂ ಗೊತ್ತಾಯಿತು. ಓಯಿಶಿ ಅವರ ಕತೆ ಓದಿದಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ನಮ್ಮ ದಕ್ಷಿಣ ಭಾರತದ ಆಕಾಶದಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಹೊಳೆಯೂ ಇದೆ. ಮುಂಗಾರಿನ ತಿಂಗಳುಗಳಲ್ಲಿ ಟಿಬೆಟ್ ಕಡೆಯ ಆಕಾಶ ನಮ್ಮ ಕಡೆಯದಕ್ಕಿಂತ ಬೆಚ್ಚಗಾಗುತ್ತದೆ. ಆಗ ಹದಿನಾಲ್ಕು ಹದಿನೈದು ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ರಭಸದ ಗಾಳಿ ಬೀಸುತ್ತದೆ. ಅದನ್ನು 1958ರಲ್ಲಿ ವಿವರಿಸಿದವರು ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ಕೆಳಗೆ ನೆಲದ ಹತ್ತಿರ ಮಳೆ ಹೊತ್ತ ಗಾಳಿ ಅರಬ್ಬಿ ಸಮುದ್ರದಿಂದ ಒಳಗೆ ನುಗ್ಗುತ್ತಿರುವಾಗಲೇ, ಅದರ ನೆತ್ತಿಯ ಮೇಲೆ ಇದು ಸಮುದ್ರದ ಕಡೆಗೆ ಓಡುತ್ತಿರುತ್ತದೆ. ವಿಮಾನಗಳು ಹಾರುವ ಎತ್ತರದಲ್ಲೂ ಅದರ ಸೆಳೆತವಿರುವುದರಿಂದ ಜುಲೈ ಆಗಸ್ಟಿನಲ್ಲಿ ಬೆಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೊರಟವರ ಬೆನ್ನಿಗೆ ಗಾಳಿಯ ಆಸರೆ ಇರುತ್ತದೆ.

ಗಾಳಿಯ ಬಲ ಎಷ್ಟೆಂದರೆ, ಬಹಳ ದೂರದ ಬಳಸುದಾರಿ ಹತ್ತಿರದ ದಾರಿಗಿಂತ ಬೇಗ ಮುಗಿಯಬಹುದು. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ತೆಗೆದು ಪೆಸಿಫಿಕ್ ಮೇಲೆ ಕಳಿಸಿತು. ಹಳೆಯ ದಾರಿ ಸುಮಾರು 13,900 ಕಿ.ಮೀ., ಹೊಸದು 15,300. ಸಾವಿರದ ನಾನೂರು ಕಿ.ಮೀ. ಹೆಚ್ಚು ಹಾರಿಯೂ ವಿಮಾನ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಮೊದಲಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಮುಂಚೆ ತಲುಪಿತು. ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ, ಪೂರ್ವಕ್ಕೆ ಹೋಗುವಾಗ ಹಿಂಗಾಳಿ, ಇಷ್ಟೇ ಗುಟ್ಟು. 2020ರ ಫೆಬ್ರುವರಿ 9ರಂದು ಸಿಯಾರಾ ಬಿರುಗಾಳಿಯ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿದದ್ದೂ ಹೀಗೆಯೇ. ನೆಲದಿಂದ ನೋಡಿದರೆ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆದರೂ ಅದು ಶಬ್ದದ ವೇಗವನ್ನು ಮೀರಲಿಲ್ಲ, ಸುತ್ತಲಿನ ಗಾಳಿಯೇ ಅದನ್ನು ಹೊತ್ತು ಓಡುತ್ತಿತ್ತು.

ಹಾಗಾದರೆ ಅತಿ ಬೇಗ ತಲುಪುವ ದಾರಿಯನ್ನು ಕಂಡುಹಿಡಿಯುವುದು ಹೇಗೆ? ಗಾಳಿ ಒಂದೊಂದು ಕಡೆ ಒಂದೊಂದು ಥರ ಬೀಸುತ್ತಿರುವಾಗ ಯಾವ ಕ್ಷಣದಲ್ಲಿ ಮೂತಿಯನ್ನು ಎತ್ತ ತಿರುಗಿಸಬೇಕು? ಗಣ ಸಿದ್ಧಾಂತಕ್ಕೆ ಹೆಸರಾದ ಜರ್ಮನ್ ಗಣಿತಜ್ಞ ಅರ್ನ್‌ಸ್ಟ್ ಝರ್ಮೆಲೊ 1931ರಲ್ಲಿ ಈ ಪ್ರಶ್ನೆಯನ್ನು ಸಮೀಕರಣಕ್ಕೆ ಇಳಿಸಿದ. ಇವತ್ತು ಪ್ರತಿ ವಿಮಾನ ಸಂಸ್ಥೆಯ ಫ್ಲೈಟ್ ಡಿಸ್ಪ್ಯಾಚರ್‌ಗಳು ಹವಾಮಾನದ ಮುನ್ಸೂಚನೆಯನ್ನು ಕಂಪ್ಯೂಟರಿಗೆ ತುಂಬಿ ಹೊರಡುವ ಕೆಲವು ಗಂಟೆ ಮುಂಚೆ ಮಾಡುವುದು ಇದೇ ಲೆಕ್ಕವನ್ನು. ಹಾಗಾಗಿ ನಿನ್ನೆಯ ದಾರಿ ಇವತ್ತಿಲ್ಲ. ಅಟ್ಲಾಂಟಿಕ್‌ನ ಮೇಲಂತೂ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಎಂದು ದಾರಿಗಳ ಕಟ್ಟನ್ನು ದಿನದಿನವೂ ಹೊಸದಾಗಿ ಹಾಸುತ್ತಾರೆ. ಪೂರ್ವದ ವಿಮಾನಗಳು ಜೆಟ್ ಪ್ರವಾಹದ ನಡುವೆ ಸೇರಿಕೊಳ್ಳುತ್ತವೆ, ಪಶ್ಚಿಮದವು ಅದರಿಂದ ತಪ್ಪಿಸಿಕೊಂಡು ಹೋಗುತ್ತವೆ.

ಗಾಳಿ ಹೇಳಿದ ದಾರಿಗೂ ಮನುಷ್ಯರ ಅಡ್ಡಿಗಳಿವೆ. ಎರಡೇ ಎಂಜಿನ್ನಿನ ವಿಮಾನ ಎಲ್ಲೇ ಇರಲಿ, ಒಂದು ಎಂಜಿನ್ ನಿಂತುಹೋದರೆ ಉಳಿದೊಂದರಲ್ಲಿ ಗೊತ್ತಾದ ಅವಧಿಯೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತಿರಬೇಕು. ಈ ಅವಧಿ ಬಹಳ ವಿಮಾನಗಳಿಗೆ ಮೂರು ಗಂಟೆ, ಕೆಲವಕ್ಕೆ ಐದು ಗಂಟೆಗೂ ಹೆಚ್ಚು. ನಕ್ಷೆಯ ಮೇಲೆ ನಿಲ್ದಾಣಗಳ ಸುತ್ತ ಅಷ್ಟಷ್ಟು ದೊಡ್ಡ ವೃತ್ತ ಎಳೆದು, ಅವುಗಳೊಳಗೇ ದಾರಿ ಹುಡುಕಬೇಕು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ದೂರದ ಪೂರ್ವದ ಮಗದಾನ್ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು ಬೇರೆ ವಿಮಾನ ಬರುವವರೆಗೆ ಆ ಪುಟ್ಟ ಊರಿನಲ್ಲಿ ಉಳಿದರು. ಅಂಥ ಊರುಗಳು ಇರುವುದರಿಂದಲೇ ಅಂಥ ದಾರಿಗಳಿಗೆ ಅನುಮತಿ ಸಿಗುತ್ತದೆ.

ಧ್ರುವದ ಕಡೆ ಇನ್ನೂ ಬೇರೆ ಚಿಂತೆಗಳು. ಅಲ್ಲಿ ಕಾಂತದ ದಿಕ್ಸೂಚಿ ನಂಬಲಾಗದು. ಸಮಭಾಜಕದ ಮೇಲೆ ನಿಂತಿರುವ ಸಂಪರ್ಕ ಉಪಗ್ರಹಗಳು ದಿಗಂತದ ಕೆಳಗಿಳಿದುಬಿಡುತ್ತವೆ. ಆಗ ಹೆಚ್ಚಾಗಿ ನೆಚ್ಚಬೇಕಾದದ್ದು ರೇಡಿಯೊವನ್ನು, ಸೌರ ಬಿರುಗಾಳಿ ಎದ್ದರೆ ಅದೂ ಮೂಕವಾಗಬಹುದು. ಇಂಧನದ್ದೂ ಒಂದು ಮಿತಿ. ಅಮೆರಿಕದಲ್ಲಿ ತುಂಬುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯಲ್ಲಿ ಗಡ್ಡೆಕಟ್ಟತೊಡಗುತ್ತದೆ, ಭಾರತದಲ್ಲಿ ಸಿಗುವ ಜೆಟ್ ಎ-1 ಮೈನಸ್ 47ರವರೆಗೆ ತಡೆಯುತ್ತದೆ. ರೆಕ್ಕೆಯೊಳಗಿನ ಇಂಧನ ಗಂಟೆಗಟ್ಟಲೆ ಚಳಿಯಲ್ಲಿ ತಣಿದು ಆ ಮಿತಿಯ ಹತ್ತಿರ ಬಂದರೆ ಪೈಲಟ್ ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಿ ಗಾಳಿಯ ಒತ್ತಡದಿಂದಲೇ ರೆಕ್ಕೆಯನ್ನು ಬಿಸಿಮಾಡಿಕೊಳ್ಳಬೇಕು.

ದೇಶಗಳ ನಡುವಿನ ಜಗಳ ದೂರವನ್ನು ಒಂದೇ ರಾತ್ರಿಯಲ್ಲಿ ಬದಲಿಸಿಬಿಡುತ್ತದೆ. 2022ರ ಫೆಬ್ರುವರಿ ಕೊನೆಯಲ್ಲಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿತು. ಒಂಬತ್ತೂ ಚಿಲ್ಲರೆ ಗಂಟೆಯಾಗುತ್ತಿದ್ದ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಹದಿಮೂರು ಗಂಟೆಗೆ ಏರಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಆಕಾಶ ಭಾರತದ ವಿಮಾನಗಳಿಗೆ ಮುಚ್ಚಿದಾಗ ಇಂಡಿಗೊ ದೆಹಲಿಯಿಂದ ತಾಷ್ಕೆಂಟ್, ಅಲ್ಮಾಟಿಗೆ ಹೋಗುವ ತನ್ನ ಹಾರಾಟಗಳನ್ನೇ ನಿಲ್ಲಿಸಬೇಕಾಯಿತು. ಸುತ್ತಿ ಹೋಗುವ ದಾರಿ ಅದರ ವಿಮಾನಗಳ ಅಳವಿಗೆ ಮೀರಿತ್ತು. ಊರುಗಳು ಇದ್ದಲ್ಲೇ ಇವೆ, ಅವುಗಳ ಅಕ್ಷಾಂಶ ರೇಖಾಂಶ ಕೂದಲೆಳೆಯಷ್ಟೂ ಕದಲಿಲ್ಲ.

ಬೆಂಗಳೂರಿಗೇ ಸೇರಿದ ಒಂದು ಅಡ್ಡಿಯನ್ನೂ ಹೇಳಬೇಕು, ಇದನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಂಪೇಗೌಡ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಮೇಲಿದೆ. ಅಲ್ಲಿನ ಗಾಳಿ ಕರಾವಳಿಯದಕ್ಕಿಂತ ಶೇ 8ಕ್ಕೂ ಹೆಚ್ಚು ತೆಳು. ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ತೆಳುಗಾಳಿಯಲ್ಲಿ ರೆಕ್ಕೆಗೂ ಬಲ ಕಡಿಮೆ, ಎಂಜಿನ್ನಿಗೂ ಬಲ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಡುವ ವಿಮಾನವೋ ಅತಿ ಭಾರದ್ದು. ಬೋಯಿಂಗ್ 777-200ಎಲ್‌ಆರ್ ಗರಿಷ್ಠ 347 ಟನ್ ತೂಕದಲ್ಲಿ ಮೇಲೇರಬಲ್ಲದು, ಟ್ಯಾಂಕ್ ಪೂರ್ತಿ ತುಂಬಿದರೆ ಅದರಲ್ಲಿ ಸುಮಾರು 145 ಟನ್ ಬರೀ ಇಂಧನ. ಆ ಇಂಧನದ ದೊಡ್ಡ ಪಾಲು ಸುಡುವುದು ಉಳಿದ ಇಂಧನವನ್ನು ಹೊರುವುದಕ್ಕೇ. ಸಮುದ್ರದ ಮಟ್ಟದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊದಿಂದ ಏರುವಾಗ ಇಲ್ಲದ ಈ ಇಕ್ಕಟ್ಟು ನಮ್ಮ ಪ್ರಸ್ಥಭೂಮಿಯಲ್ಲಿದೆ. ನಾವು ಮೆಚ್ಚುವ ಬೆಂಗಳೂರಿನ ಹವೆಗೂ ಈ ಇಕ್ಕಟ್ಟಿಗೂ ಕಾರಣ ಒಂದೇ, ಎತ್ತರ.

ಹತ್ತಿರದ ಊರುಗಳ ನಡುವೆ ಈ ದೊಡ್ಡ ಸಂಗತಿಗಳೆಲ್ಲ ಮರೆಯಾಗಿ ಬೇರೊಂದು ಲೆಕ್ಕ ಮುಂದೆ ಬರುತ್ತದೆ. ಬೆಂಗಳೂರು–ಮಂಗಳೂರು ಮಹಾವೃತ್ತದ ದೂರ ಸುಮಾರು 306 ಕಿ.ಮೀ. ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಆಸುಪಾಸು. ಅಂದರೆ ಗಂಟೆಗೆ 300 ಕಿ.ಮೀ., ಜೆಟ್ ವಿಮಾನದ ನಿಜವಾದ ಓಟದ ಮೂರನೇ ಒಂದು ಭಾಗ. ದೆಹಲಿಗೆ 1,710 ಕಿ.ಮೀ., ಎರಡು ಮುಕ್ಕಾಲು ಗಂಟೆ. ಸರಾಸರಿ ಆರುನೂರು ದಾಟುತ್ತದೆ. ವೇಳಾಪಟ್ಟಿ ಲೆಕ್ಕ ಹಾಕುವುದು ಗೇಟಿನಿಂದ ವಿಮಾನ ಕದಲಿದ ಗಳಿಗೆಯಿಂದ ಇನ್ನೊಂದು ಗೇಟಿನಲ್ಲಿ ಅದು ನಿಲ್ಲುವವರೆಗೆ. ರನ್‌ವೇವರೆಗಿನ ಓಡಾಟ, ಸರದಿ, ಮೇಲೇರುವುದು, ಇಳಿಯುವುದು ಮಂಗಳೂರಿಗೂ ಅಷ್ಟೇ, ದೆಹಲಿಗೂ ಅಷ್ಟೇ. ಇದರ ಮೇಲೆ ರನ್‌ವೇಯ ದಿಕ್ಕು. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ, ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮುಂಗಾರಿನಲ್ಲಿ ಪಡುವಣ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಏರಿದ ವಿಮಾನ ಮಂಗಳೂರಿನ ದಾರಿಯಲ್ಲೇ ಇರುತ್ತದೆ. ಚಳಿಗಾಲದಲ್ಲಿ ಪೂರ್ವಕ್ಕೆ ಏರಿ ಪೂರ್ತಿ ಹಿಂದಕ್ಕೆ ತಿರುಗಬೇಕು.

ಗಡಿಯಾರ ಹೇಳುವ ಹೊತ್ತು ಮತ್ತೊಂದು. ಜನವರಿಯಲ್ಲಿ ಬೆಂಗಳೂರು ಸ್ಯಾನ್ ಫ್ರಾನ್ಸಿಸ್ಕೊಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಮಧ್ಯಾಹ್ನ ಎರಡಕ್ಕೆ ಇಲ್ಲಿಂದ ಹೊರಟು ಹದಿನಾರು ಗಂಟೆ ಹಾರಿದವರು ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿ ಇಳಿಯುತ್ತಾರೆ. 2021ರ ಆ ಮೊದಲ ವಿಮಾನದವರಿಗೆ ಆದದ್ದು ಇದರ ತಿರುಗುಮುರುಗು. ಅವರ ಜನವರಿ 10 ಎಂಬ ದಿನ ಪೂರ್ತಿ ಆಕಾಶದಲ್ಲೇ ಕಳೆಯಿತು.

ಇನ್ನೊಂದು ಲೆಕ್ಕ ಬಾಕಿ ಇದೆ. ಹೋಗುವಾಗ ಹಿಂಗಾಳಿ, ಬರುವಾಗ ಅದೇ ಎದುರುಗಾಳಿಯಾದರೆ, ಲಾಭ ನಷ್ಟ ಸರಿಹೋಗುತ್ತದೆಯೆ? 9,000 ಕಿ.ಮೀ. ದೂರ, ವಿಮಾನದ ವೇಗ 900 ಎಂದಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ಹತ್ತು ಮತ್ತು ಹತ್ತು, ಒಟ್ಟು ಇಪ್ಪತ್ತು ಗಂಟೆ. ಗಂಟೆಗೆ ನೂರು ಕಿ.ಮೀ. ಗಾಳಿ ಇದ್ದರೆ ಹೋಗುವಾಗ 1,000ದ ವೇಗದಲ್ಲಿ ಒಂಬತ್ತು ಗಂಟೆ, ಬರುವಾಗ 800ರ ವೇಗದಲ್ಲಿ ಹನ್ನೊಂದೂಕಾಲು. ಒಟ್ಟು ಇಪ್ಪತ್ತೂಕಾಲು. ಕಾಲು ಗಂಟೆ ಎಲ್ಲಿ ಹೋಯಿತು? ನೆರವಾಗುವ ಗಾಳಿಯಲ್ಲಿ ವಿಮಾನ ಇದ್ದದ್ದು ಒಂಬತ್ತೇ ಗಂಟೆ, ತಡೆಯುವ ಗಾಳಿಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು. ಆದ್ದರಿಂದ ಒಂದೇ ದಾರಿಯಲ್ಲಿ ಹೋಗಿಬರುವವರಿಗೆ ಗಾಳಿ ಯಾವತ್ತೂ ನಷ್ಟವೇ, ಗಾಳಿ ಬಲವಾದಷ್ಟೂ ನಷ್ಟ ಹೆಚ್ಚು. ಬೆಂಗಳೂರು ಅಥವಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವವರು ಇದರಿಂದ ಒಂದಿಷ್ಟು ಪಾರಾಗಬಹುದು. ಹೋಗುವಾಗ ಪೆಸಿಫಿಕ್, ಬರುವಾಗ ಅಟ್ಲಾಂಟಿಕ್ ಹಿಡಿದು, ಎರಡು ಸಲವೂ ಪೂರ್ವಕ್ಕೇ ಹಾರಿ ಭೂಮಿಯನ್ನು ಒಂದು ಸುತ್ತು ಹಾಕಬಹುದು. ಲಂಡನ್–ನ್ಯೂಯಾರ್ಕಿನವರಿಗೆ ಆ ಅನುಕೂಲವಿಲ್ಲ.

ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಪಾಲ್ ವಿಲಿಯಮ್ಸ್ 2016ರಲ್ಲಿ ಇದೇ ಲೆಕ್ಕವನ್ನು ಮುಂದಿನ ದಶಕಗಳಿಗೆ ಹಾಕಿ ನೋಡಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಅಟ್ಲಾಂಟಿಕ್‌ನ ಮೇಲಿನ ಚಳಿಗಾಲದ ಜೆಟ್ ಪ್ರವಾಹ ಬಲಗೊಳ್ಳುತ್ತದೆ. ಪೂರ್ವಕ್ಕೆ ಹೋಗುವ ವಿಮಾನಗಳು ಬೇಗ ಮುಟ್ಟುತ್ತವೆ, ಪಶ್ಚಿಮದವು ಅದಕ್ಕಿಂತ ಹೆಚ್ಚು ತಡವಾಗುತ್ತವೆ. ಆ ಸಾಗರವನ್ನು ದಾಟುವ ವಿಮಾನಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 2,000 ಗಂಟೆ ಹೆಚ್ಚು ಆಕಾಶದಲ್ಲಿರಬೇಕಾಗುತ್ತದೆ. ಆ ಗಂಟೆಗಳಲ್ಲಿ ಸುಡುವ ಇಂಧನ ಇನ್ನಷ್ಟು ಇಂಗಾಲವನ್ನು ಅದೇ ಗಾಳಿಗೆ ಸೇರಿಸುತ್ತದೆ.